ಬೆಳಿಗ್ಗೆ ಉಳಿಯಬೇಕಾದದ್ದು

ಬಸವನಗುಡಿ
14 ಜುಲೈ 2025

ಶ್ರೀ ಮಲ್ಲಿಕಾರ್ಜುನಯ್ಯನವರಿಗೆ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಫೋನ್ ನಂಬರ್ ನನ್ನ ಹತ್ತಿರ ಇದೆ. ಆದರೆ ನೀವು "ಹಲೋ" ಅಂದ ಮೇಲೆ ನಾನು ಏನು ಹೇಳಬೇಕೆಂದು ತಿಳಿಯದೆ ಕಾಗದ ಹಿಡಿದೆ. ಗಾಂಧಿ ಬಜಾರಿನಲ್ಲಿ ಲಕೋಟೆ ಕೇಳಿದರೆ ಅಂಗಡಿಯವನು "ಮದುವೆ ಮುಯ್ಯಿ ಕವರಾ ಸರ್?" ಅಂದ. ಪತ್ರ ಹಾಕುವ ಲಕೋಟೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಈ ಊರು ಎಲ್ಲಿಗೆ ಬಂದು ನಿಂತಿದೆ ಎಂಬುದರ ಮೇಲೆ ಎರಡು ಪುಟ ಬರೆಯಬಲ್ಲೆ. ಬರೆಯುವುದಿಲ್ಲ. ವಿಷಯ ಬ್ಯಾಟರಿಯದು.

ಯಮುನಾಗೆ ಶ್ವಾಸಕೋಶದ ತೊಂದರೆ. ಗೊತ್ತಾಗಿ ಎರಡು ವರ್ಷವಾಯಿತು. ಈಗ ರಾತ್ರಿಯಿಡೀ ಆಮ್ಲಜನಕದ ಯಂತ್ರ ಬೇಕು. ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ, ಮಂಚದ ಪಕ್ಕದಲ್ಲಿ ಗುಂಯ್ ಎನ್ನುವ ಪೆಟ್ಟಿಗೆ ಅದು. ಹಗಲಿಗೆ ಹೆಗಲಿಗೆ ತೂಗುಹಾಕುವ ಚಿಕ್ಕದೊಂದು ಇದೆ, ಅದರ ಬ್ಯಾಟರಿ ಅದರೊಳಗೇ ಇರುತ್ತದೆ. ಕೂತಲ್ಲೇ ಕೂತಿದ್ದರೆ ಸ್ವಲ್ಪ ಹೊತ್ತು ಏನೂ ಇಲ್ಲದೆಯೂ ಇರಬಹುದೆಂದು ಡಾಕ್ಟರು ಹೇಳಿದ್ದಾರೆ. ಮೆಟ್ಟಿಲು ಮಾತ್ರ ಆಗದು.

ಅವಳು ಚಾಮರಾಜಪೇಟೆಯ ಶಾಲೆಯಲ್ಲಿ ಮೂವತ್ತಮೂರು ವರ್ಷ ಭೂಗೋಳ ಪಾಠ ಮಾಡಿದ್ದು ನಿಮಗೆ ಗೊತ್ತೇ ಇದೆ. ಹಲಗೆಯ ಮೇಲೆ ಯಾವ ನದಿಯನ್ನಾದರೂ ಕಣ್ಣು ಮುಚ್ಚಿ ಬಿಡಿಸುತ್ತಿದ್ದಳು. ಕಂಡದ್ದು ಕಾವೇರಿ ಒಂದನ್ನೇ, ಅದೂ ಹೆಚ್ಚಾಗಿ ನಲ್ಲಿಯಲ್ಲಿ. ಹೋದ ತಿಂಗಳು ಡಾಕ್ಟರು, "ಎಲ್ಲಾದರೂ ಹೋಗೋದಿದ್ರೆ ಈ ವರ್ಷ ಹೋಗಿಬನ್ನಿ, ಮುಂದಿನ ವರ್ಷದ್ದು ಆಮೇಲೆ ನೋಡೋಣ" ಅಂದರು. ಇವಳು ಮನೆಗೆ ಬಂದು, ಕಾಫಿ ಕುಡಿದು, ಲೋಟ ತೊಳೆದಿಟ್ಟು, "ತುಂಗೆ ಭದ್ರೆ ಸೇರೋದನ್ನ ನೋಡ್ಬೇಕು. ಕೂಡಲಿಗೆ ಹೋಗೋಣ" ಅಂದಳು. ಮಾರನೆಯ ವಾರ, ನನಗೆ ಒಂದು ಮಾತೂ ಹೇಳದೆ, ತನ್ನ ಪಿಎಫ್ ಹಣದಲ್ಲಿ ಒಂದು ಓಡುವ ಮನೆಯನ್ನೇ ಕೊಂಡುಬಿಟ್ಟಳು.

ಗಾಂಧಿನಗರದ ನಿರ್ಮಾಪಕರೊಬ್ಬರು ಶೂಟಿಂಗಿಗೆಂದು ಇಟ್ಟುಕೊಂಡಿದ್ದ ಕ್ಯಾರವಾನ್. ಒಳಗೆ ಹಾಸಿಗೆ, ಪುಟ್ಟ ಅಡಿಗೆಕಟ್ಟೆ, ಬಚ್ಚಲು, ಸುತ್ತ ಹದಿನಾಲ್ಕು ಬಲ್ಬುಗಳ ಒಂದು ಕನ್ನಡಿ. ಆ ಕನ್ನಡಿಯನ್ನು ತೆಗೆಸೋಣವೆಂದರೆ ಯಮುನಾ ಒಪ್ಪಲಿಲ್ಲ. ಓಡಿಸಲು ಶಶಿಕುಮಾರ್ ಇದ್ದಾನೆ. ಅವಳ ಹಳೆಯ ವಿದ್ಯಾರ್ಥಿ, ಈಗ ಟೂರಿಸ್ಟ್ ಗಾಡಿ ಇಟ್ಟಿದ್ದಾನೆ. ಭೂಗೋಳದಲ್ಲಿ ಫೇಲಾದವನಂತೆ. ದಾರಿ ಮಾತ್ರ ಎಲ್ಲ ಗೊತ್ತು.

ಗಾಡಿಗೆ ಎರಡು ಬ್ಯಾಟರಿ. ಇಂಜಿನ್ ಸ್ಟಾರ್ಟ್ ಮಾಡುವುದು ಸರಿಯಿದೆ. ಒಳಗಿನ ಸಂಸಾರ ನಡೆಸುವುದು, ಅಂದರೆ ದೀಪ, ಫ್ಯಾನು, ಪ್ಲಗ್ಗುಗಳಿಗೆ ಕರೆಂಟ್ ಕೊಡುವುದು, ಹೊಟ್ಟೆ ಊದಿಕೊಂಡು ಸತ್ತಿದೆ. ಸಿನಿಮಾದವರು ಸದಾ ಜನರೇಟರ್‌ಗೆ ಸಿಕ್ಕಿಸಿಕೊಂಡೇ ಇದ್ದರಂತೆ, ಅದನ್ನು ನೋಡಿದವರಿಲ್ಲ. ಆ ಜಾಗಕ್ಕೆ ಹೊಸದು ಬೇಕು. ನಮ್ಮ ಮನೆಯ ಇನ್ವರ್ಟರಿಗೆ ಇರುವ ನೂರೈವತ್ತು ಆಂಪಿಯರಿನ ಟ್ಯೂಬ್ಯುಲರ್ ಬ್ಯಾಟರಿಯನ್ನು ನೀವೇ ಒಂದು ಕಾಲದಲ್ಲಿ ಆರಿಸಿಕೊಟ್ಟಿರಿ. ಇಂದಿಗೂ ಪ್ರತಿ ಅಮಾವಾಸ್ಯೆಗೆ ನಾನು ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ನೀರು ಹಾಕುತ್ತೇನೆ. ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ಅಂಥವೇ ಎರಡು ತಂದು ಕೂರಿಸುವುದೆಂದು ನನ್ನ ಯೋಚನೆ. ಯಮುನಾ, "ಮಲ್ಲಣ್ಣನ್ನ ಒಂದು ಮಾತು ಕೇಳಿ" ಅಂದಳು. ಆದ್ದರಿಂದ ಕೇಳುತ್ತಿದ್ದೇನೆ.

ಇಂತಿ,
ವಾದಿರಾಜ

•

ಮಲ್ಲೇಶ್ವರ
19 ಜುಲೈ 2025

ಶ್ರೀ ವಾದಿರಾಜರಿಗೆ,

ಪತ್ರ ತಲುಪಿತು. ಟ್ಯೂಬ್ಯುಲರ್ ಬೇಡ.

ನೀರು ಹಾಕುವ ಬ್ಯಾಟರಿಯ ಮೇಲೆ ಏನು ಬರೆದಿದೆಯೋ ಅದರಲ್ಲಿ ಅರ್ಧವನ್ನಷ್ಟೇ ನಂಬಬೇಕು. ಪೂರ್ತಿ ಹಿಂಡಿದರೆ ವರ್ಷದೊಳಗೆ ಸಾಯುತ್ತದೆ. ಅದೊಂದು ಆಸಿಡ್ ತುಂಬಿದ ಕೊಡ. ಅದನ್ನು ಮಾಡಿರುವುದು ಮೆಟ್ಟಿಲ ಕೆಳಗೆ ಅಲುಗದೆ ಕೂರಲು, ನಮ್ಮ ರಸ್ತೆಯ ಹೊಂಡಗಳಲ್ಲಿ ಕುಣಿಯಲು ಅಲ್ಲ. ಚಾರ್ಜ್ ಆಗುವಾಗ ಅದರಿಂದ ಹೊರಡುವುದು ಹೈಡ್ರೋಜನ್. ಗಾಡಿ ಮುಚ್ಚಿರುತ್ತದೆ, ಒಳಗೆ ಆಮ್ಲಜನಕದ ಯಂತ್ರ, ಒಂದು ಕಿಡಿ ಸಾಕು. ನೀವು ಕಾಲೇಜಿನಲ್ಲಿ ಇತಿಹಾಸ ಹೇಳಿದವರು. ಇತಿಹಾಸಕ್ಕೆ ಸೇರಿಕೊಳ್ಳುವ ಆತುರ ಬೇಡ.

ಲಿಥಿಯಂ ಐರನ್ ಫಾಸ್ಫೇಟ್ ಎಂದು ಕೇಳಿ. ಪತ್ರಿಕೆಯಲ್ಲಿ ಸ್ಕೂಟರು ಉರಿದದ್ದನ್ನು ಓದಿ ಹೆದರಿರುತ್ತೀರಿ. ಲಿಥಿಯಂ ಎಂದರೆ ಎಲ್ಲ ಒಂದೇ ಜಾತಿಯಲ್ಲ, ಇದು ತಣ್ಣನೆಯ ಸ್ವಭಾವದ್ದು. ಎಷ್ಟು ದೊಡ್ಡದು ಬೇಕೆಂದು ಹೇಳಲು ನನಗೆ ಎರಡು ಸಂಗತಿ ಬೇಕು. ಆ ಯಂತ್ರ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ, ರಾತ್ರಿ ಎಷ್ಟು ಗಂಟೆ ಓಡುತ್ತದೆ.

ಬ್ಯಾಟರಿಗೆ ಸಂಬಂಧವಿಲ್ಲದ ಒಂದು ಪ್ರಶ್ನೆ. ಕಾಯಿಲೆಯ ಹೆಸರೇನು? ಯಮುನಾ ಬೀಡಿ ಸೇದಿದವರಲ್ಲ, ಗಣಿಯಲ್ಲಿ ದುಡಿದವರಲ್ಲ.

ಮಲ್ಲಿಕಾರ್ಜುನಯ್ಯ

•

ಬಸವನಗುಡಿ
4 ಆಗಸ್ಟ್ 2025

ಶ್ರೀ ಮಲ್ಲಿಕಾರ್ಜುನಯ್ಯನವರಿಗೆ,

ನಿಮ್ಮ ಪತ್ರವನ್ನು ಯಮುನಾಗೆ ಓದಿದೆ. ಇತಿಹಾಸದ ಮಾತಿಗೆ ಅವಳು ನಕ್ಕು, ಕೆಮ್ಮಿ, ಮತ್ತೆ ನಕ್ಕಳು.

ಮೊದಲು ಒಂದು ದೊಡ್ಡ ಅಂಗಡಿಗೆ ಹೋದೆ. ಹೆಸರು ಬೇಡ, ಗಾಜಿನ ಬಾಗಿಲು, ಒಳಗೆ ಚಳಿ. ಸೂಟು ಹಾಕಿದ ಹುಡುಗನೊಬ್ಬ ನಾನು ಬಾಯಿ ತೆರೆಯುವ ಮೊದಲೇ ಆರುನೂರು ಆಂಪಿಯರಿನದು ತೋರಿಸಿ, ಅದನ್ನು ಮೊಬೈಲಿನಲ್ಲಿ ನೋಡಬಹುದು, ಮೊಮ್ಮಕ್ಕಳ ಜೊತೆ ಹಂಚಿಕೊಳ್ಳಬಹುದು ಅಂದ. ಬ್ಯಾಟರಿಯನ್ನು ಮೊಮ್ಮಕ್ಕಳ ಜೊತೆ ಏಕೆ ಹಂಚಿಕೊಳ್ಳಬೇಕು? ಯಂತ್ರ ಯಾವುದು, ಯಾರಿಗೆ, ಎಷ್ಟು ಹೊತ್ತು ಎಂದು ಅವನು ಒಂದು ಸಲವೂ ಕೇಳಲಿಲ್ಲ. ಎದ್ದು ಬಂದೆ.

ಆಮೇಲೆ ಕಲಾಸಿಪಾಳ್ಯಕ್ಕೆ ಹೋದೆ. ರಾಮಾಂಜಿನಪ್ಪನ ಬ್ಯಾಟರಿ ಅಂಗಡಿ ನಿಮಗೆ ನೆನಪಿರಬೇಕು, ಸೊಪ್ಪಿನ ಮೂಟೆ ದಾಟಿ ಒಳಗೆ ಹೋಗಬೇಕಲ್ಲ, ಅದು. ನಾನು ಇಪ್ಪತ್ತೈದು ವರ್ಷದಿಂದ ಡಿಸ್ಟಿಲ್ಡ್ ನೀರಿನ ಕ್ಯಾನು ತರುವುದು ಅಲ್ಲಿಂದಲೇ. ಅವರು ಈಗ ಸ್ಟೂಲಿನ ಮೇಲೆ ಕೂತಿರುತ್ತಾರೆ, ಅಷ್ಟೆ. "ನೀರಿನ ಬ್ಯಾಟರಿ ಇರೋವರ್ಗೂ ನಂದು ಸಾರ್. ಇದು ಅವಳ ಕಾಲ" ಅಂತ ಮಗಳ ಕಡೆ ಕೈ ತೋರಿಸಿದರು. ಹೆಸರು ಯಶಶ್ರೀ. ಮೂವತ್ತು ದಾಟಿರಬಹುದು. ಕೈಗೆ ರಬ್ಬರ್ ಗ್ಲೌಸು, ಕಿವಿಯ ಹಿಂದೆ ಪೆನ್ಸಿಲ್ಲು.

"ಎಷ್ಟು ದೊಡ್ಡದು ಬೇಕಾಗುತ್ತಮ್ಮ?" ಅಂದೆ.

"ಅದು ಆಮೇಲೆ ಸರ್. ಅಮ್ಮ ಎಷ್ಟೊತ್ತಿಗೆ ಮಲಗ್ತಾರೆ, ಎಷ್ಟೊತ್ತಿಗೆ ಏಳ್ತಾರೆ?"

"ಒಂಬತ್ತಕ್ಕೆ ಮಲಗಿ ಆರಕ್ಕೆ ಏಳ್ತಾಳೆ."

"ಮಧ್ಯೆ?"

"ಮಧ್ಯೆ ಎದ್ದು ನನ್ನನ್ನ ಬೈತಾಳೆ."

"ಅದಕ್ಕೆ ಕರೆಂಟ್ ಬೇಡ ಬಿಡಿ."

ಮಾರನೆಯ ದಿನ ಸ್ಕೂಟರಿನಲ್ಲಿ ಮನೆಗೇ ಬಂದಳು. ಯಂತ್ರದ ಪ್ಲಗ್ಗಿಗೂ ಗೋಡೆಗೂ ನಡುವೆ ಅಂಗೈಯಗಲದ ಮೀಟರೊಂದನ್ನು ಸಿಕ್ಕಿಸಿ, ಎರಡು ದಿನ ಮುಟ್ಟಬೇಡಿ ಅಂದಳು. ಯಂತ್ರದ ಬೆನ್ನ ಮೇಲೆ ಮುನ್ನೂರೈವತ್ತು ವ್ಯಾಟ್ ಎಂದು ಬರೆದಿದೆ. ಮೀಟರು ತೋರಿಸಿದ್ದು ಮುನ್ನೂರ ಹತ್ತು. "ಲೇಬಲ್ ಮೇಲಿರೋದು ಕಂಪನಿಯವರ ಭಯ ಸರ್. ಮೀಟರಲ್ಲಿ ಬರೋದು ಮಿಷಿನ್ನಿನ ಹಸಿವು" ಅಂದಳು. ನಾನು ಮೂವತ್ತಾರು ವರ್ಷ ಮಕ್ಕಳಿಗೆ ಆಧಾರಗಳನ್ನು ಓದುವುದು ಹೇಗೆಂದು ಕಲಿಸಿದ್ದೇನೆ. ಇಷ್ಟು ಚೆನ್ನಾಗಿ ಒಂದು ದಿನವೂ ಹೇಳಿರಲಿಲ್ಲ.

ಅವಳ ಪ್ರಕಾರ ನಾನೂರು ಆಂಪಿಯರ್. ಜೊತೆಗೆ ಬ್ಯಾಟರಿಯಿಂದ ಮನೆಯ ಕರೆಂಟ್ ಮಾಡುವ ಹೊಸ ಇನ್ವರ್ಟರ್, ಗಾಡಿ ಓಡುವಾಗ ಇಂಜಿನ್ನಿನಿಂದ ಹದವಾಗಿ ಚಾರ್ಜ್ ತುಂಬುವ ಒಂದು ಪೆಟ್ಟಿಗೆ. "ಹಳೇ ಚಾರ್ಜರ್‌ಗೆ ಹೊಸ ಬ್ಯಾಟರಿ ಕಟ್ಟಿದ್ರೆ ಅರ್ಧ ಹೊಟ್ಟೇಲೇ ಇರುತ್ತೆ" ಅಂದಳು. ನೀವು ಏನು ಹೇಳುತ್ತೀರಿ?

ಇಂತಿ,
ವಾದಿರಾಜ

•

ಮಲ್ಲೇಶ್ವರ
12 ಆಗಸ್ಟ್ 2025

ಶ್ರೀ ವಾದಿರಾಜರಿಗೆ,

ಆ ಹುಡುಗಿ ಹೇಳಿದ್ದೇ ಸರಿ. ನಾನು ಬೇರೆ ದಾರಿಯಿಂದ ಬಂದು ಅಲ್ಲಿಗೇ ನಿಂತೆ. ಮುನ್ನೂರ ಹತ್ತು ವ್ಯಾಟ್, ಒಂಬತ್ತು ಗಂಟೆ. ಇನ್ವರ್ಟರು ತಾನು ತಿನ್ನುವುದನ್ನೂ ಒಂದು ಫ್ಯಾನನ್ನೂ ಸೇರಿಸಿದರೆ ರಾತ್ರಿಗೆ ಸುಮಾರು ಮೂರು ಸಾವಿರದ ಇನ್ನೂರು ವ್ಯಾಟ್-ಗಂಟೆ. ನಾನೂರು ಆಂಪಿಯರಿನ ಬ್ಯಾಟರಿಯಲ್ಲಿ ಐದು ಸಾವಿರದ ಚಿಲ್ಲರೆ ಇರುತ್ತದೆ. ರಾತ್ರಿ ಒಂಬತ್ತಕ್ಕೆ ನೂರು ಇದ್ದರೆ, ಬೆಳಿಗ್ಗೆ ಆರಕ್ಕೆ ಉಳಿಯಬೇಕಾದದ್ದು ನೂರಕ್ಕೆ ಮೂವತ್ತೇಳು. ಈ ಕಾಗದದ ಮೂಲೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ, ಹರಿದು ಗಾಡಿಯಲ್ಲಿ ಅಂಟಿಸಿಕೊಳ್ಳಿ. ಇದಕ್ಕಿಂತ ಕಡಿಮೆಯಾದರೆ ಎಲ್ಲೋ ತಪ್ಪಿದೆ ಎಂದರ್ಥ. ಒಂದು ಸಣ್ಣ ಆಮ್ಲಜನಕದ ಸಿಲಿಂಡರ್ ಜೊತೆಗಿರಲಿ. ಲೆಕ್ಕ ಎಷ್ಟೇ ಸರಿಯಿದ್ದರೂ ಇರಲಿ.

ನನ್ನ ಇನ್ನೊಂದು ಪ್ರಶ್ನೆಗೆ ನೀವು ಉತ್ತರಿಸಿಲ್ಲ. ನೀವು ಪ್ರಶ್ನೆ ಮರೆಯುವವರಲ್ಲ. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ನಾನು ನಿಮ್ಮಿಂದ ಎರವಲು ತಂದ ಛತ್ರಿಯ ಬಣ್ಣ ನಿಮಗೆ ಇಂದಿಗೂ ಗೊತ್ತು. ಅಂದರೆ ಬೇಕೆಂದೇ ಬಿಟ್ಟಿದ್ದೀರಿ.

ಇಲ್ಲಿ ಇಬ್ಬರು ಡಾಕ್ಟರುಗಳನ್ನು ವಿಚಾರಿಸಿದೆ. ಇಬ್ಬರೂ ಮೊದಲು ಕೇಳಿದ್ದು ಒಂದೇ, ಮನೆಯ ಸುತ್ತ ಪಾರಿವಾಳ ಇದ್ದವೇ ಎಂದು. ಅವುಗಳ ಹಿಕ್ಕೆಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರ ಶ್ವಾಸಕೋಶ ಗಟ್ಟಿಯಾಗುತ್ತದಂತೆ.

ನಾವಿಬ್ಬರೂ ಮೇಲೆ ಕೆಳಗೆ ಇದ್ದ ಆ ಕಟ್ಟಡದ ಮಹಡಿಯ ಮೇಲೆ ನನ್ನ ಶೈಲಜಾ ದಿನಾ ಒಂದು ಸೇರು ಜೋಳ ಚೆಲ್ಲುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಚೆಲ್ಲಿದೆ. ಅದೇ ಮಹಡಿಯಲ್ಲಿ ಯಮುನಾ ಸಂಡಿಗೆ ಒಣಹಾಕುತ್ತಿದ್ದರು. ಗಲೀಜೆಂದು ನೀವು ಪತ್ರಿಕೆಗೆ ಬರೆದಿರಿ, "ಓದಿದ ಇಂಜಿನಿಯರೊಬ್ಬರು" ಎಂದು. ಹೆಸರು ಹಾಕಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಬೀದಿಗೆಲ್ಲ ಗೊತ್ತಾಯಿತು. ನಾನು ಮನೆ ಮಾರಿ ಹೊರಟೆ. ಇಷ್ಟು ವರ್ಷ ನಿಮ್ಮದೇ ತಪ್ಪೆಂದು ನಂಬಿಕೊಂಡು ನೆಮ್ಮದಿಯಾಗಿದ್ದೆ.

ಪಾರಿವಾಳವೇ? ಒಂದು ಪದದಲ್ಲಿ ಬರೆಯಿರಿ, ಸಾಕು.

ಇಲ್ಲಿಯೂ ದಿನಾ ಹಾಕುತ್ತಿದ್ದೆ. ಇಂದು ಬೆಳಿಗ್ಗೆ ಹಾಕಲಿಲ್ಲ.

ಮಲ್ಲಿಕಾರ್ಜುನಯ್ಯ

•

ಬಸವನಗುಡಿ
1 ಸೆಪ್ಟೆಂಬರ್ 2025

ಶ್ರೀ ಮಲ್ಲಿಕಾರ್ಜುನಯ್ಯನವರಿಗೆ,

ಹೌದು.

ನಿಮಗೆ ತಿಳಿಸಕೂಡದೆಂದು ಯಮುನಾ ಎರಡು ವರ್ಷದ ಹಿಂದೆಯೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಅವಳಿಗೂ ಗೊತ್ತಿಲ್ಲ. ಆಸ್ಪತ್ರೆಯಿಂದ ಬಂದ ದಿನ ನಿಮಗೆ ಬರೆಯಬೇಕೆಂದು ಕೂತು ಒಂಬತ್ತು ಪುಟ ಬರೆದೆ. ಹರಿದೆ. ಹರಿದದ್ದು ನನ್ನ ಒಳ್ಳೆಯತನದಿಂದಲ್ಲ, ಅವಳಿಗೆ ಹೆದರಿ.

ಬ್ಯಾಟರಿಗೆ ಹೇಳಿದ್ದೇನೆ. ಈ ತಿಂಗಳ ಕೊನೆಗೆ ಯಶಶ್ರೀ ಕೂರಿಸುತ್ತಾಳೆ. ಊರು ಬಿಡುವ ಮೊದಲು ಮನೆ ಮುಂದೆಯೇ ಗಾಡಿ ನಿಲ್ಲಿಸಿ, ಎಲ್ಲಿಗೂ ಪ್ಲಗ್ ಹಾಕದೆ, ಯಂತ್ರವನ್ನು ಒಂಬತ್ತು ಗಂಟೆ ಓಡಿಸಿ ನೋಡಲೇಬೇಕಂತೆ. ಮೂರು ಸಲ. ಅದಿಲ್ಲದೆ ಕೀಲಿ ಕೊಡುವುದಿಲ್ಲವಂತೆ. ನಮ್ಮ ಗಾಡಿ, ನಮ್ಮ ಕೀಲಿ. ಆದರೂ ಹೂಂ ಅಂದೆ.

ವಾದಿರಾಜ

•

ಬಸವನಗುಡಿ
3 ಅಕ್ಟೋಬರ್ 2025

ಶ್ರೀ ಮಲ್ಲಿಕಾರ್ಜುನಯ್ಯನವರಿಗೆ,

ನಿಮ್ಮಿಂದ ಒಂದು ತಿಂಗಳಿಂದ ಕಾಗದವಿಲ್ಲ. ಕೇಳುವ ಹಕ್ಕು ನನಗಿಲ್ಲ, ಆದರೂ ಇದನ್ನು ತಿಳಿಸಲೇಬೇಕು. ಮೋಸ ಹೋದೆವು.

ನಿನ್ನೆ ವಿಜಯದಶಮಿ. ಒಳ್ಳೆಯ ದಿನವೆಂದು ಬೆಳಿಗ್ಗೆ ಎಂಟಕ್ಕೆ ಗಾಡಿಯೊಳಗೆ ಕೂತು ಪರೀಕ್ಷೆ ಶುರುಮಾಡಿದೆವು. ಯಮುನಾ ಆ ಹದಿನಾಲ್ಕು ಬಲ್ಬಿನ ಕನ್ನಡಿಯ ಮುಂದೆ ಹೂ ಕಟ್ಟುತ್ತಿದ್ದಳು. ಬ್ಯಾಟರಿಯ ಪುಟ್ಟ ಪರದೆಯ ಮೇಲೆ ಇನ್ನೂ ಎಂಬತ್ತೊಂದು ಇತ್ತು. ಹತ್ತೂಮುಕ್ಕಾಲಿಗೆ ಯಂತ್ರ ನಿಂತಿತು. ಫ್ಯಾನೂ ನಿಂತಿತು. ಅವಳು ಹೂವಿನ ದಾರ ಕೆಳಗಿಟ್ಟು, ಚಿಕ್ಕ ಯಂತ್ರದ ಕೊಳವೆಯನ್ನು ತಾನೇ ಮೂಗಿಗೆ ಸಿಕ್ಕಿಸಿಕೊಂಡು, "ಬೆಲ್ ಹೊಡೀತು, ಕ್ಲಾಸ್ ಮುಗೀತು, ನಡೀರಿ" ಅಂದಳು. ಇದೇ ತುಮಕೂರಿನಾಚೆ ರಾತ್ರಿಯಲ್ಲಿ ಆಗಿದ್ದರೆ?

ನಾನು ಆ ಹುಡುಗಿಯನ್ನು ನಿಮ್ಮ ಮುಂದೆ ಹೊಗಳಿದ್ದಕ್ಕೆ ನಾಚಿಕೆಯಾಗುತ್ತಿದೆ. ಸಂಜೆಯೇ ಕೂತು ನಾಲ್ಕು ಪುಟದ ದೂರು ಬರೆದೆ. ರೋಗಿಯೊಬ್ಬಳ ಉಸಿರನ್ನು ಪಣಕ್ಕಿಟ್ಟು ವ್ಯಾಪಾರ ಮಾಡುವ ಈ ಕಾಲದ ಬಗ್ಗೆ ಏನು ಹೇಳಬೇಕೋ ಎಲ್ಲ ಹೇಳಿದ್ದೇನೆ. ಇವತ್ತು ಸ್ಪೀಡ್ ಪೋಸ್ಟಿನಲ್ಲಿ ಅಂಗಡಿಗೆ ಕಳಿಸಿದೆ. ಉತ್ತರ ಸರಿಬರದಿದ್ದರೆ ಅದೇ ಪತ್ರ ಪತ್ರಿಕೆಗೆ ಹೋಗುತ್ತದೆ. ಪ್ರತಿ ಇದರೊಂದಿಗೆ ಇದೆ.

ವಾದಿರಾಜ

•

ಬಸವನಗುಡಿ
8 ಅಕ್ಟೋಬರ್ 2025

ಮಲ್ಲಿಕಾರ್ಜುನಯ್ಯನವರೇ,

ಹಿಂದಿನ ಕಾಗದವನ್ನೂ ಅದರ ಪ್ರತಿಯನ್ನೂ ಒಲೆಗೆ ಹಾಕಿಬಿಡಿ.

ನಿನ್ನೆ ಯಶಶ್ರೀ ಬಂದಳು. ಕೈಯಲ್ಲಿ ನನ್ನ ನಾಲ್ಕು ಪುಟ. ಜಗಳಕ್ಕೆ ಬಂದಿದ್ದಾಳೆಂದು ನಾನು ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತೆ.

"ಸರ್, ಕನ್ನಡ ತುಂಬ ಚೆನ್ನಾಗಿ ಬರ್ದಿದೀರ. ಅಪ್ಪಂಗೂ ಓದಿ ಹೇಳ್ದೆ" ಅಂದಳು. ವ್ಯಂಗ್ಯವೇನೂ ಇರಲಿಲ್ಲ. ಅದೇ ಕಷ್ಟವಾಯಿತು. "ಗಾಡಿ ನೋಡ್ಬಹುದಾ?"

ಹಾಸಿಗೆಯ ಕೆಳಗಿನ ಕಪಾಟು ತೆರೆದಳು. ಬ್ಯಾಟರಿಗೆ ಏನೂ ಆಗಿರಲಿಲ್ಲ. ಅದರ ಪಕ್ಕದ ಇನ್ವರ್ಟರಿನ ಹಿಂದೆ ಟಾರ್ಚು ಬಿಟ್ಟು ಸ್ವಲ್ಪ ಹೊತ್ತು ನೋಡಿ, ಒಳಗೆ ಕೈಹಾಕಿ, ಮೆಲ್ಲಗೆ ಹೊರಗೆಳೆದಳು. ಎರಡು ಮೊಳ ಸೇವಂತಿಗೆ ಹಾರ, ಬಾಡಿ ಕಪ್ಪಾದದ್ದು. ಜೊತೆಗೆ ಮಾವಿನೆಲೆ.

ಆಯುಧಪೂಜೆಯ ದಿನ ನಾನೇ ಹಾಕಿದ್ದು. ಗಾಡಿ ತೊಳೆಸಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟ ಮೇಲೆ, ಈ ಗಾಡಿಯ ನಿಜವಾದ ಆಯುಧ ಬ್ಯಾಟರಿಯಲ್ಲವೇ ಎಂದುಕೊಂಡು ಅದಕ್ಕೂ ಇನ್ವರ್ಟರಿಗೂ ಸೇರಿಸಿ ಒಂದೇ ಹಾರ ಸುತ್ತಿದ್ದೆ. ಇನ್ವರ್ಟರಿನ ಬೆನ್ನಿಗೆ ಗಾಳಿ ಎಳೆಯುವ ಪುಟ್ಟ ಫ್ಯಾನಿದೆ. ಅದು ಎಸಳುಗಳನ್ನೆಲ್ಲ ಒಳಗೆಳೆದುಕೊಂಡು ಉಸಿರುಕಟ್ಟಿ, ಬಿಸಿಯಾಗಿ, ಸುಟ್ಟುಹೋಗುವ ಬದಲು ತಾನೇ ಆರಿಕೊಂಡಿದೆ. ಹಾಗೆ ಆರಿಕೊಳ್ಳುವಂಥದ್ದನ್ನೇ ಆರಿಸಿ ಹಾಕಿದ್ದವಳು ಅವಳು.

ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಎಸಳುಗಳನ್ನು ಒಂದೊಂದೇ ಕೆರೆದು ತೆಗೆದಳು, ಅರ್ಧ ಗಂಟೆ. ಕೊನೆಗೆ, "ಪೂಜೆ ನಾನೂ ಮಾಡ್ತೀನಿ ಸರ್, ಅಂಗಡೀಲಿ. ಹೂವ ಮುಂದೆ ಇಡ್ತೀನಿ, ಹಿಂದೆ ಉಸಿರಾಡೋಕೆ ಜಾಗ ಬಿಡ್ತೀನಿ" ಅಂದಳು. ಯಮುನಾ ಒಳಗಿಂದ, "ಅವರಿಗೆ ಎರಡು ಸಲ ಹೇಳಮ್ಮ, ಒಂದು ಸಲಕ್ಕೆ ಹೋಗಲ್ಲ" ಅಂದಳು. ತಪ್ಪಾಯಿತಮ್ಮ ಅಂದೆ. "ಇದಕ್ಕೇ ಅಲ್ವಾ ಸರ್ ಮನೆ ಮುಂದೆ ಟೆಸ್ಟ್ ಮಾಡಿ ಅಂದಿದ್ದು" ಎಂದು ಕೈ ತೊಳೆದುಕೊಳ್ಳಲು ಹೋದಳು. ನನ್ನ ದೂರನ್ನು ಟೇಬಲ್ ಮೇಲೆ ಬಿಟ್ಟುಹೋಗಿದ್ದಾಳೆ. ಕಾಗುಣಿತದ ಒಂದು ತಪ್ಪಿಲ್ಲ, ಒಂದು ಚಿತ್ತಿಲ್ಲ.

ಹನ್ನೊಂದು ವರ್ಷದ ಹಿಂದೆಯೂ ನಾನು ತುಂಬ ಚೆನ್ನಾಗಿ ಬರೆದಿದ್ದೆ.

ವಾದಿರಾಜ

•

ಬಸವನಗುಡಿ
16 ಅಕ್ಟೋಬರ್ 2025

ಮಲ್ಲಣ್ಣನಿಗೆ ಯಮುನಾ ಮಾಡುವ ನಮಸ್ಕಾರ.

ನೀವು ಇವರಿಗೆ ಉತ್ತರ ಬರೆಯುತ್ತಿಲ್ಲ. ಸಿಟ್ಟಿನಿಂದಲ್ಲ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದ್ದರೆ ಕ್ಷಮಿಸಿ, ನಡುನಡುವೆ ನಿಲ್ಲಿಸಿ ಬರೆಯಬೇಕು.

ಶೈಲಜಾ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನನ್ನ ಕೈ ಹಿಡಿದು, "ಇವರು ಎರಡು ದಿನ ಹಾಕಿ ಮರೆತುಬಿಡ್ತಾರೆ. ಹಕ್ಕಿ ಬಂದು ಕಾಯೋ ಹಾಗೆ ಮಾಡ್ಬೇಡ ಯಮುನಾ" ಅಂದಿದ್ದಳು. ನೀವು ಮರೆಯಲಿಲ್ಲ. ಆದರೆ ನೀವು ಮನೆ ಬಿಟ್ಟು ಹೋದ ಮಾರನೆಯ ಬೆಳಿಗ್ಗೆ ಅವು ಬಂದು ಸಾಲಾಗಿ ಕೂತವು. ನಾನು ನಮ್ಮ ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಕಡೆ, ಒಂದು ಹಿಡಿ ಜೋಳ ಹಾಕಿದೆ. ಆಮೇಲೆ ದಿನಾ ಹಾಕಿದೆ. ಕೆಮ್ಮು ಶುರುವಾಗುವವರೆಗೆ, ಪೂರ್ತಿ ಏಳು ವರ್ಷ. ದಿನಾ ಗುಡಿಸಿದವಳೂ ನಾನೇ, ಮೂಗಿಗೆ ಬಟ್ಟೆ ಇಲ್ಲದೆ. ಇವರಿಗೆ ಗೊತ್ತಾಗಲಿಲ್ಲ. ಊರಿನ ಯಾವ ಮರ ಯಾವ ವರ್ಷ ಕಡಿದರೆಂದು ಬಾಯಿಪಾಠ ಹೇಳುತ್ತಾರೆ, ಒದ್ದೆ ಬಟ್ಟೆ ಒಣಗುವ ಜಾಗಕ್ಕೆ ಒಂದು ದಿನವೂ ಕಾಲಿಟ್ಟವರಲ್ಲ.

ಅದಕ್ಕೇ ನಿಮಗೆ ತಿಳಿಸಬೇಡಿ ಎಂದು ಮಾತು ತೆಗೆದುಕೊಂಡಿದ್ದು. ಇವರು ನಿಮ್ಮನ್ನು ದೂರುತ್ತಾ ಬರೆದರೆ, ನಾನು ನಿಜ ಹೇಳಬೇಕಾಗುತ್ತಿತ್ತು. ನಿಜ ಹೇಳಿದರೆ ಶೈಲಜಾ ಹೆಸರು ಬರುತ್ತಿತ್ತು. ಇದಕ್ಕೆ ಕಾರಣ ನಿಮ್ಮ ಒಂದೆರಡು ವರ್ಷದ ಮಹಡಿಯ ಧೂಳಲ್ಲ ಅಣ್ಣ. ನನ್ನದೇ ಕೈ. ಅದೂ ಪ್ರೀತಿಯಿಂದ ಚೆಲ್ಲಿದ ಕೈ. ಈಗ ಅದರಲ್ಲಿ ಯಾರ ಪಾಲು ಎಷ್ಟೆಂದು ನೀವಿಬ್ಬರೂ ಹಂಚಿಕೊಳ್ಳಲು ಕೂರಬೇಡಿ.

ಇವರಿಗೆ ನಿನ್ನೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಎದ್ದು ಹೋಗಿ ಬಕೆಟ್ಟಿನಲ್ಲಿದ್ದ ಬಟ್ಟೆಯನ್ನೆಲ್ಲ ಹಿಂಡಿ ಆ ಬಾಲ್ಕನಿಯಲ್ಲಿ ಒಣಹಾಕಿದರು. ಒಂದಕ್ಕೂ ಕ್ಲಿಪ್ ಹಾಕಲಿಲ್ಲ, ಎರಡು ಪಂಚೆ ಪಕ್ಕದ ಮನೆಗೆ ಹಾರಿಹೋದವು.

ಹಾರ ತೆಗೆದ ಮೇಲೆ ಪರೀಕ್ಷೆ ಮೂರೂ ಸಲ ಪಾಸಾಯಿತು. ಮುಂದಿನ ತಿಂಗಳು ಹೊರಡುತ್ತೇವೆ. ನಿಮ್ಮ ಮೂವತ್ತೇಳನ್ನು ಕನ್ನಡಿಗೆ ಅಂಟಿಸಿದ್ದೇನೆ.

ನಿಮ್ಮ ತಂಗಿ,
ಯಮುನಾ

•

ಮಲ್ಲೇಶ್ವರ
29 ಅಕ್ಟೋಬರ್ 2025

ತಂಗಿ ಯಮುನಾಗೆ,

ಶೈಲಜಾ ಹಾಗೆ ಹೇಳಿದ್ದಳೆಂದು ನನಗೆ ಗೊತ್ತಿರಲಿಲ್ಲ. ನಾನು ಮರೆಯುತ್ತೇನೆ ಎಂದುಕೊಂಡಿದ್ದಳೇ? ಇರಬಹುದು. ಹಾಲಿನ ಕೂಪನ್ನು ಮರೆತದ್ದು ಒಂದೆರಡು ಸಲವಲ್ಲ.

ಡಬ್ಬಿಯಲ್ಲಿ ಉಳಿದಿದ್ದ ಜೋಳವನ್ನು ಬೀಸಿಸಿ ರೊಟ್ಟಿ ಮಾಡಿಸಿದೆ. ಹಕ್ಕಿಗಳು ಎಂಟು ದಿನ ಬಂದು ಗ್ರಿಲ್ಲಿನ ಮೇಲೆ ಕೂತವು. ಒಂಬತ್ತನೆಯ ದಿನ ಬರಲಿಲ್ಲ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದರೂ ನನಗೆ ಬರೆಯಲು ಬರುವುದು ಬ್ಯಾಟರಿಯ ವಿಷಯವೊಂದೇ. ಕೂಡಲಿಯಲ್ಲಿ ಮೊದಲ ಬೆಳಿಗ್ಗೆ ಆರು ಗಂಟೆಗೆ ಎಷ್ಟು ಉಳಿದಿತ್ತೆಂದು ಅವನಿಗೆ ಬರೆಯಲು ಹೇಳು. ಆ ಸಂಖ್ಯೆ ಸರಿಯಾಗಿದ್ದರೆ ನನಗೆ ನಿದ್ದೆ ಬರುತ್ತದೆ.

ಮಲ್ಲಣ್ಣ

•

ಕೂಡಲಿ
24 ನವೆಂಬರ್ 2025

ಪ್ರಿಯ ಮಲ್ಲಣ್ಣ,

ನೀನು ಯಮುನಾಗೆ ಹಾಕಿದ ಕಾಗದದಲ್ಲಿ ನನ್ನನ್ನು "ಅವನು" ಎಂದು ಬರೆದದ್ದನ್ನು ಓದಿದೆ. ಅಷ್ಟು ಸಾಕು ಎಂದುಕೊಂಡು ಹೀಗೆ ಶುರುಮಾಡಿದ್ದೇನೆ.

ನಿನ್ನೆ ಮಧ್ಯಾಹ್ನ ತಲುಪಿದೆವು. ಶಶಿಕುಮಾರ ಗಾಡಿಯನ್ನು ಹಿಮ್ಮುಖವಾಗಿ ತಂದು, ಹಿಂದಿನ ಬಾಗಿಲು ತೆರೆದರೆ ನೇರ ಸಂಗಮವೇ ಕಾಣುವ ಹಾಗೆ ನಿಲ್ಲಿಸಿದ. ಯಮುನಾ ಹಾಸಿಗೆಯ ಅಂಚಿನಲ್ಲಿ ಕೂತು ನೋಡಿದಳು. ಎಡಕ್ಕೆ ತುಂಗೆ, ಬಲಕ್ಕೆ ಭದ್ರೆ. "ಮೂವತ್ತಮೂರು ವರ್ಷ ತಪ್ಪು ಬರೆದೆ ರೀ. ಎರಡು ಗೆರೆ ಬಂದು ಒಂದು ಚುಕ್ಕೇಲಿ ಸೇರುತ್ತೆ ಅಂತ ಬರೀತಿದ್ದೆ. ಚುಕ್ಕೆ ಎಲ್ಲಿದೆ ಇಲ್ಲಿ? ಸೇರಿದ ಮೇಲೂ ಎಷ್ಟು ದೂರ ಅದರ ನೀರು ಅದರದ್ದೇ, ಇದರ ನೀರು ಇದರದ್ದೇ" ಅಂದಳು. ಶಶಿಕುಮಾರ, "ಹಾಗಾದ್ರೆ ಮಿಸ್, ನಂಗೆ ಆ ಎರಡು ಮಾರ್ಕ್ಸ್ ವಾಪಸ್ ಕೊಡಿ" ಅಂದ. ಕೊಟ್ಟಿದ್ದೇನೆ ಅಂದಳು.

ನಾನು ಈ ಊರು ಕೇರಿ ಸರಕಾರಗಳಿಗೆಲ್ಲ ಸೇರಿ ಎಷ್ಟು ದೂರು ಬರೆದಿದ್ದೇನೋ, ಎಲ್ಲದರ ಪ್ರತಿ ಇಟ್ಟಿದ್ದೇನೆ. ಒಂದಕ್ಕೂ ಪಶ್ಚಾತ್ತಾಪವಿಲ್ಲ, ಎರಡನ್ನು ಬಿಟ್ಟು. ಒಂದು ಆ ಹುಡುಗಿಗೆ ಬರೆದದ್ದು. ಅದನ್ನು ಅವಳು ಬ್ರಷ್ಷು ಹಿಡಿದು ಅರ್ಧ ಗಂಟೆಯಲ್ಲಿ ತೊಳೆದುಬಿಟ್ಟಳು. ಇನ್ನೊಂದು ನಿನ್ನ ಮೇಲೆ ಬರೆದದ್ದು. ಅದನ್ನು ಬರೆದ ರಾತ್ರಿ ನನಗೆ ನೆನಪಾದದ್ದು ಹಕ್ಕಿಯ ಗಲೀಜು ಮಾತ್ರ. ಕರೆಂಟೇ ಇಲ್ಲದ ಆ ಬೇಸಿಗೆಯಲ್ಲಿ ನೀನು ಲಾರಿಯ ಹಳೆಯ ಬ್ಯಾಟರಿಯೊಂದನ್ನು ಅದೇ ಮಹಡಿಗೆ ಹೊತ್ತು ತಂದು, ಟ್ಯೂಬ್‌ಲೈಟ್ ಹಾಕಿ, ಬೀದಿಯ ಮಕ್ಕಳನ್ನೆಲ್ಲ ಎಸ್ಸೆಸ್ಸೆಲ್ಸಿಗೆ ಓದಿಸಿದ್ದು ನೆನಪಾಗಲಿಲ್ಲ. ನನ್ನ ನೆನಪಿನ ಬಗ್ಗೆ ನನಗಿದ್ದ ಜಂಭ ಎಂಥದೋ. ತಪ್ಪು ನನ್ನದು ಮಲ್ಲಣ್ಣ.

ಸಂಕ್ರಾಂತಿ ಕಳೆದ ಮೇಲೆ, ಅವಳ ಮೈ ಒಪ್ಪಿದರೆ, ಕೃಷ್ಣೆಯ ಕಡೆ ಹೋಗೋಣವೆನ್ನುತ್ತಾಳೆ. ಗಾಡಿಯಲ್ಲಿ ಮೂರನೆಯ ಹಾಸಿಗೆ ಇದೆ, ನಾಯಕನಟರ ಮೇಕಪ್ ಕುರ್ಚಿ ಮಡಿಸಿದರೆ. ನಿನ್ನ ಗೊರಕೆಗೆ ಎಷ್ಟು ವ್ಯಾಟ್ ಎಂದು ಯಶಶ್ರೀಯ ಮೀಟರಿನಲ್ಲಿ ನೋಡಿಸಿ ಸೇರಿಸಿಕೊಳ್ಳುತ್ತೇವೆ.

ಈಗ ನಿನ್ನ ಸಂಖ್ಯೆ. ರಾತ್ರಿ ಒಂಬತ್ತಕ್ಕೆ ನೂರು ಇತ್ತು. ಇವತ್ತು ಬೆಳಿಗ್ಗೆ ಆರು ಗಂಟೆಗೆ, ಕನ್ನಡಕ ಹಾಕಿಕೊಂಡು, ಎರಡು ಸಲ ನೋಡಿದೆ. ಮೂವತ್ತೊಂಬತ್ತು.

ಎರಡು ಹೆಚ್ಚು. ಮಲ್ಲಣ್ಣನ ಲೆಕ್ಕ ತಪ್ಪುವುದುಂಟೇ ಎಂದು ನಾನು ಕಾಗದ ಪೆನ್ಸಿಲ್ಲು ಹಿಡಿದು ಕೂತೆ. ಯಮುನಾ ಬಾಗಿಲ ಬಳಿ ಶಾಲು ಹೊದ್ದು ಕೂತಿದ್ದಳು. ನದಿಯ ಮೇಲೆ ಇನ್ನೂ ಮಂಜಿತ್ತು. ನನ್ನ ಕಡೆ ತಿರುಗದೆ, "ಲೆಕ್ಕ ಹಾಕ್ಬೇಡಿ. ಐದೂವರೆಗೆ ಎದ್ದು ಇಪ್ಪತ್ತು ನಿಮಿಷ ಮಿಷಿನ್ ಆರಿಸಿದ್ದೆ. ಸುಮ್ಮನೆ ಕೂತಿದ್ದೆ, ಅಲ್ಲಾಡಲಿಲ್ಲ. ಅದರ ಸದ್ದಲ್ಲಿ ನೀರಿನ ಸದ್ದು ಕೇಳಿಸ್ತಿರಲಿಲ್ಲ" ಅಂದಳು.

ಬೈಯಲು ನನ್ನ ಬಾಯಲ್ಲಿ ಇಷ್ಟುದ್ದದ ಭಾಷಣ ಬಂದಿತ್ತು, ಉದಾಹರಣೆಗಳ ಸಮೇತ. ಪಕ್ಕದಲ್ಲಿ ಹೋಗಿ ಕೂತೆ.

ನಿನ್ನ ಲೆಕ್ಕ ಸರಿಯಾಗಿದೆ, ನಿದ್ದೆ ಮಾಡು. ಆ ಎರಡು ಅವಳದು.

ನಿನ್ನ,
ವಾದಿ